ನಿಂತ ದೋಣಿಯ ತಳ

ಬಾಯಿ ತೆರೆದು ಮಲಗಿದವರು ಸುಳ್ಳು ಹೇಳಲಾರರು; ಸುಳ್ಳಿಗಾದರೂ ತುಟಿ ಒಂದಿಷ್ಟು ಕೂಡಬೇಕಲ್ಲ. ಅದಕ್ಕೇ ಜನ ಕುರ್ಚಿಯಲ್ಲಿ ಒರಗುವ ಮುಂಚೆಯೇ ಹೇಳಬೇಕಾದ ಸುಳ್ಳನ್ನೆಲ್ಲ ಹೇಳಿ ಮುಗಿಸಿಬಿಡುತ್ತಾರೆ ಎಂಬುದು ದಂತವೈದ್ಯನಾದ ಅವನ ಅನುಭವ. "ದಿನಾ ಎರಡು ಹೊತ್ತೂ ಉಜ್ತೀನಿ ಡಾಕ್ಟ್ರೇ," ಎಂದು ಆ ಬೆಳಿಗ್ಗೆ ಮೊದಲು ಬಂದ ನಿವೃತ್ತ ಹೆಡ್‌ಮಿಸ್ಟ್ರೆಸ್ ತರಗತಿಗೆ ಕೇಳಿಸುವ ದನಿಯಲ್ಲಿ ಸಾರಿ ಬಾಯಿ ತೆರೆದಿದ್ದರು. ಕೆಳಸಾಲಿನ ಹಲ್ಲುಗಳ ಹಿಂದೆ ಗಾರೆ ಕಟ್ಟಿ, ಒಂದು ಹಲ್ಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಅದನ್ನು ಸೃಷ್ಟಿಸಿದವನಿಗೂ ಗೊತ್ತಾಗುವಂತಿರಲಿಲ್ಲ. ಬೇರೆ ದಿನವಾಗಿದ್ದರೆ ಮುಖವಾಡದ ಹಿಂದೆ ಅವನಿಗೆ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಆಕೆಯ ಹಲ್ಲಿನಿಂದ ಒಂದೊಂದು ಚೂರು ಎದ್ದುಬಂದಾಗಲೂ ಅವನೇ ಬೆಚ್ಚುತ್ತಿದ್ದ. ಮಧ್ಯಾಹ್ನದೊಳಗೆ ಬಂದರಿನ ರಿಪೇರಿ ಯಾರ್ಡಿನಲ್ಲಿ ಮಾವನ ದೋಣಿಯನ್ನು ಕ್ರೇನಿನಿಂದ ನೀರಿನಾಚೆ ಎತ್ತುವವರಿದ್ದರು. ಎರಡು ವರ್ಷದಿಂದ ಕಟ್ಟಿದಲ್ಲೇ ನಿಂತ ದೋಣಿ. ಅದರ ತಳಕ್ಕೆ ಪಾಚಿ, ಚಿಪ್ಪು ಹತ್ತದಂತೆ ಪ್ರತಿ ಭಾನುವಾರ ಹೋಗಿ ಉಜ್ಜುವ ಜವಾಬ್ದಾರಿ ಅವನದು. ಪ್ರತಿ ಭಾನುವಾರ ತಪ್ಪದೆ ಹೋಗಿದ್ದ. ಉಜ್ಜಿರಲಿಲ್ಲ, ಅಷ್ಟೆ.

"ಉಗುಳಿ," ಎಂದ. ಹೆಡ್‌ಮಿಸ್ಟ್ರೆಸ್ ಉಗುಳಿ, ಬಟ್ಟಲಿನಲ್ಲಿ ಬಿದ್ದದ್ದನ್ನು ನೋಡಿ, ಅದು ಪರರ ಆಸ್ತಿ ಎಂಬಂತೆ ಮುಖ ತಿರುಗಿಸಿದರು. ಬಾಯಾಗಲಿ ಸಮುದ್ರವಾಗಲಿ, ಕ್ರಮ ಒಂದೇ ಎಂದು ಅವನಿಗೆ ಮೊದಲು ಹೇಳಿದ್ದು ಮಾವನೇ. ಮೊದಲು ಕಣ್ಣಿಗೆ ಕಾಣದ ಒಂದು ಲೋಳೆ. ಬೆರಳಿಟ್ಟರೆ ಜಾರುತ್ತದೆ, ಅಷ್ಟೇ ಅದರ ಗುರುತು. ಆ ಲೋಳೆ ಹಿಡಿದುಕೊಂಡು ಹಸಿರು ಎಳೆಗಳು ಬರುತ್ತವೆ, ಎಳೆಗಳ ನಡುವೆ ಹುಳು ಮನೆ ಮಾಡುತ್ತದೆ, ಆಮೇಲೆ ಚಿಪ್ಪು. ಚಿಪ್ಪು ಒಮ್ಮೆ ಕೂತಿತೋ, ಸತ್ತರೂ ಜಾಗ ಬಿಡುವುದಿಲ್ಲ. "ಲೋಳೆ ಇದ್ದಾಗಲೇ ಒರೆಸಿದರೆ ಒಂದು ಬಟ್ಟೆ ಸಾಕು. ಚಿಪ್ಪು ಕೂತ ಮೇಲೆ ಉಳಿ ಬೇಕು. ನಿಮ್ಮ ಹಲ್ಲಿನ ಅಂಗಡೀಲೂ ಅದೇ ತಾನೇ ಅಳಿಯಂದಿರೇ?" ಎಂದಿದ್ದರು ಮಾವ, ನಿಶ್ಚಿತಾರ್ಥದ ಮಾತು ಮುಗಿದ ಹೊತ್ತಿಗೆ, ಹತ್ತು ಜನರ ಎದುರು. ಅವರು ಬಂದರಿಗೆ ಬರುವ ದೊಡ್ಡ ಹಡಗುಗಳನ್ನು ಹತ್ತಿ, ದಾರಿ ತೋರಿಸಿ ಒಳಗೆ ತರುವ ಪೈಲಟ್ ಆಗಿದ್ದವರು. ಒಂದು ಕಾಲದಲ್ಲಿ ಯಾವ ದೇಶದ ಕ್ಯಾಪ್ಟನ್ನಾದರೂ ಅವರು ಹೇಳಿದ ಕಡೆ ಚುಕ್ಕಾಣಿ ತಿರುಗಿಸಬೇಕಿತ್ತು. ನಿವೃತ್ತರಾದ ಮೇಲೆ ತಿರುಗಿಸಲು ಸಿಕ್ಕಿದ್ದು ಮನೆಯವರು ಮಾತ್ರ. ಬೈಯುವುದಾದರೂ ಅಳಿಯನಿಗೆ ಬಹುವಚನದಲ್ಲೇ ಬೈಯುತ್ತಿದ್ದರು. ಏಕವಚನದಲ್ಲಿ ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. 'ಸೋಮಾರಿ' ಎಂದು ಒಮ್ಮೆಯೂ ಅಂದವರಲ್ಲ. 'ಪಾಪ, ಡಾಕ್ಟ್ರಿಗೆ ಪುರುಸೊತ್ತಿಲ್ಲ' ಅನ್ನುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ.

ಮನೆ ಅವರದು. ಕೆಳಗಿನ ಎರಡು ಕೋಣೆಯ ಕ್ಲಿನಿಕ್ಕೂ ಅವರದೇ ಗೋಡೆಗಳ ನಡುವೆ. ಮೇಲೆ ಗಂಡಹೆಂಡಿರಿಗೆ ಅಂತ ಕೊಟ್ಟಿದ್ದ ಕೋಣೆಗೂ ಮಾವನ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಾಳೆ. ಆ ಕಡೆ ಮಾವ ಕೆಮ್ಮಿದರೆ ಈ ಕಡೆ ಕನ್ನಡಿ ಅಲುಗಾಡುತ್ತಿತ್ತು. ಈ ಕಡೆ ಮಂಚ ಕಿರುಗುಟ್ಟಿದರೆ ಆ ಕಡೆ ಕೆಮ್ಮು ನಿಲ್ಲುತ್ತಿತ್ತು. ನಿಂತದ್ದೇ ಹೆಚ್ಚು ಭಯಂಕರ. ಬಾಗಿಲ ಮರ ಉಬ್ಬಿ ಚಿಲಕ ಕೂಡುತ್ತಿರಲಿಲ್ಲ. ಸಾಲದ್ದಕ್ಕೆ ಅತ್ತೆಯ ಬೀರು ಗಂಡಹೆಂಡಿರ ಈ ಕೋಣೆಯಲ್ಲೇ ಇತ್ತು. ಯಾವ ಹೊತ್ತಿನಲ್ಲೂ ಅತ್ತೆ, "ಏಳ್ಬೇಡಿ, ಏಳ್ಬೇಡಿ, ಒಂದು ದಿಂಬಿನ ಚೀಲ ತಗೊಂಡು ಹೋಗ್ತೀನಿ," ಎಂದು ಒಳಬಂದು, ಬೀರು ತೆರೆದು, ಮಡಿಚಿದ್ದನ್ನು ಮತ್ತೆ ಮಡಿಚಿ ಹೋಗುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷ. ಇನ್ನೂ ಮಕ್ಕಳಾಗಲಿಲ್ಲವೇ ಎಂದು ಬಂದವರು ಕೇಳಿದರೆ ಅತ್ತೆ ನಿಟ್ಟುಸಿರು ಬಿಟ್ಟು, "ಎಲ್ಲಾ ಬರೋ ಹೊತ್ತಿಗೆ ಬರುತ್ತೆ," ಅನ್ನುತ್ತಿದ್ದರು. ಹೊತ್ತು ಬರಬೇಕಾದರೆ ಬಾಗಿಲು ಹಾಕಬೇಕಲ್ಲ ಎಂದು ಅವನು ಒಳಗೇ ಅಂದುಕೊಂಡು, ಹೊರಗೆ ಹಲ್ಲು ಬಿಡುತ್ತಿದ್ದ.

ಮಂಡಿ ಕೈಕೊಟ್ಟು ಮಾವನಿಗೆ ದೋಣಿ ಕಟ್ಟುವ ಜೆಟ್ಟಿಯ ಏಣಿ ಇಳಿಯುವುದು ಅಸಾಧ್ಯವಾದಾಗ ದೋಣಿ ಅಳಿಯನ ಪಾಲಿಗೆ ಬಂತು. ಓಡಿಸುವುದಕ್ಕಲ್ಲ, ಓಡಿಸುವ ಯೋಗ್ಯತೆ ಅಳಿಯನಿಗೆ ಇದೆಯೆಂದು ಮಾವ ಕನಸಿನಲ್ಲೂ ಅಂದುಕೊಂಡವರಲ್ಲ. ಕಾಯುವುದಕ್ಕೆ. "ಓಡೋ ದೋಣಿ ತನ್ನ ಮೈ ತಾನೇ ತೊಳ್ಕೊಳ್ಳುತ್ತೆ. ನಿಂತ ದೋಣೀನ ನಾವು ತೊಳೀಬೇಕು. ಬಣ್ಣದಲ್ಲಿ ತಾಮ್ರದ ವಿಷ ಇರುತ್ತೆ, ನಿಜ. ಆದರೆ ವಿಷ ಒಂದೇ ನಂಬ್ಕೊಂಡು ಕೂತರೆ ಆಗಲ್ಲ. ವಿಷಕ್ಕೂ ವಯಸ್ಸಾಗುತ್ತೆ," ಎಂದು ಪಾಠ ಹೇಳಿ, ತಮ್ಮದೇ ಒಂದು ವಿಧಾನ ಕಲಿಸಿದ್ದರು. ಉದ್ದನೆಯ ಹಗ್ಗದ ನಡುವೆ ನಾರಿನ ಚಾಪೆಯ ತುಂಡೊಂದನ್ನು ಕಟ್ಟಿ, ದೋಣಿಯ ಮೂತಿಯ ಕಡೆಯಿಂದ ಅಡಿಗೆ ತೂರಿಸಿ, ಎಡಬದಿಗೊಬ್ಬರು ಬಲಬದಿಗೊಬ್ಬರು ನಿಂತು, ಮೊಸರು ಕಡೆಯುವ ಹಾಗೆ ಎಳೆದಾಡುತ್ತ ಹಿಂಬದಿಯವರೆಗೆ ಸಾಗಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. "ಇಬ್ಬರೂ ಹೋಗಿ. ಅವಳಿಗೆ ಚಿಕ್ಕಂದಿನಿಂದ ರೂಢಿ ಇದೆ," ಎಂದು ಅಪ್ಪಣೆ ಕೊಡಿಸಿದ್ದೂ ಮಾವನೇ. ಮೊದಲ ಎರಡು ಮೂರು ಭಾನುವಾರ ಇಬ್ಬರೂ ಪ್ರಾಮಾಣಿಕವಾಗಿ ಎಳೆದರು. ಅವನಿಗೆ ಅಂಗೈಯಲ್ಲಿ ಬೊಬ್ಬೆ ಬಂತು, ಅವಳಿಗೆ ನಗು ಬಂತು. ಆಮೇಲೊಂದು ಭಾನುವಾರ ಜೋರು ಗಾಳಿಮಳೆ ಬಂದು ಕ್ಯಾಬಿನ್ನಿನೊಳಗೆ ನುಗ್ಗಿದರು. ಅವಳು ಬಾಗಿಲು ಎಳೆದು ಚಿಲಕ ಹಾಕಿದಳು. ಹಿತ್ತಾಳೆಯ ಚಿಲಕ, ಟಕ್ ಎಂದು ಕೂತಿತು. ಆ ಸದ್ದು ಕೇಳಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮನೆಯಲ್ಲಿ 'ರೀ' ಎಂದು ಕರೆಯುವವಳು ಅಲ್ಲಿ "ಏ, ಬಾ ಇಲ್ಲಿ," ಎಂದಳು.

ಮಳೆ ನಿಂತ ಭಾನುವಾರಗಳಲ್ಲೂ ಚಿಲಕ ಬಿದ್ದಿತು. ಹೊರಡುವಾಗ ಅತ್ತೆ ಫ್ಲಾಸ್ಕಿನಲ್ಲಿ ಚಹಾ ಹಾಕಿ, "ತುಂಬಾ ದಣಿದುಕೊಳ್ಳಬೇಡಿ," ಅನ್ನುತ್ತಿದ್ದರು. ಬಂದ ಮೇಲೆ ಮಾವ, "ತಳ?" ಅನ್ನುತ್ತಿದ್ದರು. ಅವನು, "ಚೆನ್ನಾಗಿದೆ ಮಾವ," ಅನ್ನುತ್ತಿದ್ದ. ನೀರಿನ ಮಟ್ಟದಲ್ಲಿ ಕಾಣುವ ಒಂದು ಗೇಣನ್ನು ಮಾತ್ರ ಬ್ರಷ್ಷಿನಿಂದ ತಿಕ್ಕಿಬಿಡುತ್ತಿದ್ದ, ಜೆಟ್ಟಿಯ ಮೇಲೆ ಓಡಾಡುವವರ ಕಣ್ಣಿಗಾದರೂ ಇರಲಿ ಎಂದು. ಹೆಡ್‌ಮಿಸ್ಟ್ರೆಸ್ ಕೂಡ ಮುಂದಿನ ನಾಲ್ಕು ಹಲ್ಲನ್ನು ಹಾಗೇ ಉಜ್ಜುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎರಡು ವರ್ಷ ಕಳೆದುಹೋಯಿತು. ಹಲಗೆಯ ಮೇಲೆ ಅವಳ ಪಕ್ಕ ಮಲಗಿ, ಅಡಿಯಲ್ಲಿ ನೀರು ದೋಣಿಯನ್ನು ನೆಕ್ಕುವ ಸದ್ದು ಕೇಳುವಾಗ ಒಮ್ಮೊಮ್ಮೆ ಅವನಿಗೆ, ಮೈಗೆ ಒಂದು ಹಲಗೆಯಷ್ಟು ದೂರದಲ್ಲಿ ಸಾವಿರಾರು ಬಾಯಿಗಳು ತೆರೆದು ಮುಚ್ಚಿ ಮಾಡುತ್ತಿವೆ ಅನ್ನಿಸಿ ರೋಮಾಂಚನವೋ ಭಯವೋ ತಿಳಿಯದ ಹಾಗೆ ಆಗುತ್ತಿತ್ತು. "ಅಲ್ಲ, ತಳ..." ಎಂದು ಶುರುಮಾಡಿದರೆ ಅವಳು, "ತಳ ಎಲ್ಲೂ ಹೋಗಲ್ಲ, ಸುಮ್ನಿರು," ಎಂದು ಅವನ ಬಾಯಿ ಮುಚ್ಚುತ್ತಿದ್ದಳು. ನಿಂತ ದೋಣಿಯೂ ಮನೆ ಅಳಿಯನೂ ಒಂದೇ ಜಾತಿ ಎಂಬ ಹೋಲಿಕೆಯೊಂದು ಅವನಿಗೆ ಹೊಳೆದದ್ದೂ ಅಲ್ಲೇ. ಆದರೆ ಆ ಹೊತ್ತಿನಲ್ಲಿ ಅಂಥ ಹೋಲಿಕೆ ಹೊಳೆಯುವುದೇ ಅಪಚಾರ ಎನಿಸಿ, ಅವಳ ಕಡೆ ಹೊರಳಿದ್ದ.

ಮೊನ್ನೆ ಊಟಕ್ಕೆ ಕೂತಾಗ ಮಾವ ಸುದ್ದಿ ಒಡೆದರು. ಐಸ್ ಫ್ಯಾಕ್ಟರಿಯವನೊಬ್ಬ ದೋಣಿ ಕೇಳುತ್ತಿದ್ದಾನೆ. "ಮೇಲೆ ಎತ್ತಿ ನೋಡೋಣ. ತಳ ಸರಿಯಾಗಿದ್ದರೆ ಕೊಡೋದಿಲ್ಲ, ಇವರು ನೋಡಿಕೊಂಡು ಹೋಗಲಿ. ಕೆಟ್ಟಿದ್ದರೆ ಮಾತ್ರ ಅವನಿಗೇ ಕೊಟ್ಟು ಕೈ ತೊಳ್ಕೋತೀನಿ. ನೋಡ್ಕೊಳ್ಳೋಕಾಗದವರ ಕೈಲಿ ದೋಣಿ ಯಾಕೆ?" ಅಳಿಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. ಕೋಣೆಗೆ ಬಂದ ಮೇಲೆ ಹೆಂಡತಿಯನ್ನು ಪಿಸುದನಿಯಲ್ಲಿ, "ಮುಂಚೆಯೇ ಹೇಳಿಬಿಡಲಾ?" ಎಂದು ಕೇಳಿದ. "ಏನು ಹೇಳ್ತೀರಿ? ಉಜ್ಜಲಿಲ್ಲ ಅಂತಾನಾ, ಉಜ್ಜೋ ಬದಲು ಏನು ಮಾಡಿದ್ವಿ ಅಂತಾನಾ?" ಎಂದು ಅವಳು ದಿಂಬಿಗೆ ಮುಖ ಒತ್ತಿ ನಕ್ಕಳು. ಅವಳಿಗೆ ಅಂಜಿಕೆ ಎಂಬುದೇ ಇರಲಿಲ್ಲ. ಗಂಡನ ಪಾಲಿಗೆ ಬೇಕಾದಷ್ಟು ಬರಲಿ ಎಂದು ಬಿಟ್ಟುಕೊಟ್ಟಿರಬೇಕು. ಆಮೇಲೆ ನಗು ನಿಲ್ಲಿಸಿ ಮೇಲ್ಚಾವಣಿ ನೋಡುತ್ತ, "ದೋಣಿ ಹೋದರೆ ಮಾತ್ರ ನಾನು ಈ ಕೋಣೇಲಿ ಹುಚ್ಚು ಹಿಡಿದು ಸಾಯ್ತೀನಿ," ಎಂದಳು. ಗೋಡೆಯಾಚೆ ಕೆಮ್ಮು ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಮಲಗಿದರು.

ಹೆಡ್‌ಮಿಸ್ಟ್ರೆಸ್ಸನ್ನು ಕಳಿಸಿ, ಕೈ ತೊಳೆದು ಅವನು ಹೊರಬರುವ ಹೊತ್ತಿಗೆ ಮಾವ ಆಗಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು, ಹಳೆಯ ಯೂನಿಫಾರಮ್ಮಿನ ಬಿಳಿ ಅಂಗಿ ತೊಟ್ಟು. ಗುಂಡಿಗಳು ಹೊಟ್ಟೆಯ ಮೇಲೆ ಪ್ರಾಣ ಬಿಗಿಹಿಡಿದುಕೊಂಡಿದ್ದವು. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ಪಕ್ಕ ಅತ್ತೆ ಛತ್ರಿ, ಫ್ಲಾಸ್ಕು, ಮಡಚುವ ಕುರ್ಚಿಯ ಸಮೇತ. "ಅಳಿಯಂದಿರು ಬಂದರಪ್ಪ, ಇನ್ನು ಬಂದರಿಗೆ ಕಳೆ ಬಂತು," ಎಂದರು ಮಾವ. ದಾರಿಯುದ್ದಕ್ಕೂ ಅವನು ಗೇರು ತಪ್ಪಿಸುತ್ತಲೇ ಹೋದ. ಪ್ರತಿ ಸಲ ಗಾಡಿ ಜಗ್ಗಿದಾಗಲೂ ಮಾವ ಏನೂ ಅನ್ನದೆ ಡ್ಯಾಶ್‌ಬೋರ್ಡಿಗೆ ಕೈ ಕೊಡುತ್ತಿದ್ದರು. ಏನೂ ಅನ್ನದಿರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ದೇವರೇ, ಕ್ರೇನು ಕೆಟ್ಟುಹೋಗಲಿ, ಎಂದು ಅವನು ಬೇಡಿಕೊಂಡ. ಕ್ರೇನು ಕೆಡದಿದ್ದರೆ ದೋಣಿಯೇ ಮುಳುಗಿಹೋಗಲಿ. ಅದೂ ಆಗದಿದ್ದರೆ ಮಾವನಿಗೇ ಏನಾದರೂ... ಅಲ್ಲಿಗೆ ಹೆದರಿ ಪ್ರಾರ್ಥನೆ ನಿಲ್ಲಿಸಿ, ಪ್ರಾಯಶ್ಚಿತ್ತವಾಗಿ ಮಾವನ ಕಡೆಯ ಕಿಟಕಿಗಾಜು ಏರಿಸಿದ. "ಸೆಖೆ ಆಗುತ್ತೆ," ಎಂದರು ಮಾವ. ಇಳಿಸಿದ.

ಯಾರ್ಡಿನಲ್ಲಿ ಟಾರು, ಡೀಸೆಲ್ಲು, ಒಣಗಿದ ಮೀನಿನ ವಾಸನೆ. ದೋಣಿಯನ್ನು ಆಗಲೇ ಎಳೆದು ತಂದು ಕ್ರೇನಿನ ಕೆಳಗೆ ನಿಲ್ಲಿಸಿದ್ದರು; ಎರಡು ಅಗಲವಾದ ಪಟ್ಟಿಗಳು ಹೊಟ್ಟೆಯಡಿ ಹೋಗಿದ್ದವು. ನೀರಿನ ಮೇಲೆ ನೋಡಿದರೆ ಮದುವಣಗಿತ್ತಿ. ಅವನು ತಿಕ್ಕಿದ ಒಂದು ಗೇಣು ಬಿಸಿಲಿಗೆ ಹೊಳೆಯುತ್ತಿತ್ತು. "ಪರವಾಗಿಲ್ವೇ," ಎಂದು ಮಾವ ಅರೆಮನಸ್ಸಿನಿಂದ ಮೆಚ್ಚಿದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ಸುತ್ತ ಕೆಲಸದವರು ಬೀಡಿ ಸೇದುತ್ತ ನಿಂತಿದ್ದರು. ಪೈಲಟ್ ಸಾಹೇಬರು ಬಂದಿದ್ದಾರೆಂದು ಒಂದಿಬ್ಬರು ಬೀಡಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಕ್ರೇನಿನವನು ಸನ್ನೆ ನೋಡಿ ಎತ್ತತೊಡಗಿದ. ಹೊಳೆಯುವ ಗೇಣು ಮೇಲೆ ಹೋಯಿತು. ಅದರ ಕೆಳಗೆ ಹಸಿರು ಗಡ್ಡವೊಂದು ಕಾಣಿಸಿತು, ನೀರು ಸೋರಿಸುತ್ತ, ಉದ್ದವಾಗಿ, ಇನ್ನೂ ಉದ್ದವಾಗಿ. ಗಡ್ಡದ ಕೆಳಗೆ ಚಿಪ್ಪುಗಳು. ಮೊದಲು ಚೆದುರಿದ ಹಾಗೆ, ಆಮೇಲೆ ಒತ್ತಾಗಿ, ಆಮೇಲೆ ಹಲಗೆಯೇ ಕಾಣದಂತೆ ಒಂದರ ಮೇಲೊಂದು. ಸಂದುಗಳಲ್ಲಿ ಸಣ್ಣ ಏಡಿಗಳು ಮನೆ ಹೊತ್ತಿ ಉರಿದವರ ಹಾಗೆ ಓಡಾಡಿ ಒಂದೊಂದಾಗಿ ನೀರಿಗೆ ಹಾರಿದವು. ಚುಕ್ಕಾಣಿ ಎಲ್ಲಿದೆಯೆಂದು ಗುರುತು ಹಿಡಿಯುವ ಹಾಗೇ ಇರಲಿಲ್ಲ. ಇಡೀ ದೋಣಿ ಗಾಳಿಯಲ್ಲಿ ತೂಗಾಡುತ್ತ, ನಾರುತ್ತ, ಟಪಟಪ ಸದ್ದು ಮಾಡುತ್ತ ನಿಂತಿತು. ಯಾರೋ ಶಿಳ್ಳೆ ಹಾಕಿದರು. "ಇದರಲ್ಲಿ ಒಂದು ಊರಿಗೆ ಸಾರು ಮಾಡಬಹುದು," ಎಂದ ಇನ್ನೊಬ್ಬ. ಬೀಡಿಗಳು ಬೆನ್ನ ಹಿಂದಿನಿಂದ ಬಾಯಿಗೆ ವಾಪಸು ಬಂದವು. ಕ್ರೇನಿನವನು ದೋಣಿಯನ್ನು ದಡಕ್ಕೆ ತಿರುಗಿಸಿ, ಎತ್ತರದ ಮರದ ದಿಮ್ಮಿಗಳ ಮೇಲೆ ಇಳಿಸಿದ.

"ಅಳಿಯಂದಿರೇ," ಎಂದರು ಮಾವ, ಬಹಳ ಮೆಲ್ಲಗೆ. "ಪ್ರತಿ ಭಾನುವಾರ ಇಬ್ಬರೂ ಬಂದು ಏನು ಮಾಡ್ತಿದ್ರಿ? ಇವಕ್ಕೆ ಊಟ ಹಾಕ್ತಿದ್ರಾ?" ಕೆಲಸದವರು ನಕ್ಕರು. ಮಾವನಿಗೆ ಸಭೆ ಸಿಕ್ಕಿತು. ದನಿ ಏರಿತು. ನಾಲ್ಕು ವರ್ಷದ ಹಿಂದೆ, ಇದೇ ಯಾರ್ಡಿನಲ್ಲಿ, ತಾವೊಬ್ಬರೇ ಕೂತು ಮರ ಕಾಣುವವರೆಗೆ ಕೆರೆದು, ಮೂರು ಕೋಟು ಕೆಂಪು ಬಣ್ಣ ಹೊಡೆದು ನೀರಿಗಿಳಿಸಿದ್ದು; ಅದಕ್ಕೆ ಮುಂಚೆಯೂ ಆಮೇಲೂ ಪ್ರತಿ ಭಾನುವಾರ, ಗಾಳಿಯಿರಲಿ ಬಿಸಿಲಿರಲಿ, ಐದು ಮೈಲಿ ಆಚೆ ಹೋಗಿ ಬರುತ್ತಿದ್ದದ್ದು; ತಮ್ಮ ಕೈಯಲ್ಲಿದ್ದಾಗ ಒಂದೇ ಒಂದು ಚಿಪ್ಪಿಗೆ ಕೂರುವ ಧೈರ್ಯವಿರಲಿಲ್ಲ. "ನೋಡಿ, ಕಲಿತವರು. ಬೇರೆಯವರ ಬಾಯಿ ಕೊಳಕು ತೆಗೆಯೋದಕ್ಕೆ ಡಿಗ್ರಿ ಬೇಕು. ಮನೆ ದೋಣಿ ಉಜ್ಜೋದಕ್ಕೆ ಮಾತ್ರ ಮರ್ಯಾದೆ ಅಡ್ಡ." ಹೆಂಡತಿ ಮುಂದೆ ಬಂದು, "ಅಪ್ಪಾ, ನಾನೂ ಇದ್ದೆ," ಎಂದಳು. "ನೀನು ಸುಮ್ನಿರು. ಗಂಡ ಎಳೆದ ಕಡೆಗೆ ಹೆಂಡತಿ ಎಳೀತಾಳೆ." ಅತ್ತೆ ಛತ್ರಿಯಡಿ ಕೂತು ಚಹಾ ಬಗ್ಗಿಸುತ್ತಿದ್ದರು. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿ ಇಳಿದುಬಂದು, ಮುಖ ಎಲ್ಲಿಡುವುದೆಂದು ತೋಚದೆ, ಅವನು ಗೋಡೆಗೊರಗಿಸಿದ್ದ ಕೆರೆಯುವ ಹತಾರವೊಂದನ್ನು ಎತ್ತಿಕೊಂಡು ದೋಣಿಯಡಿ ಹೋದ. ಕನಿಷ್ಠ ಅಲ್ಲಿ ಬೆನ್ನು ಮಾತ್ರ ಕಾಣುತ್ತದೆ.

ಕೈಗೆ ಹತಾರ ಬಂದದ್ದೇ ಕೈ ತನ್ನಷ್ಟಕ್ಕೆ ಕೆಲಸ ಶುರುಮಾಡಿತು. ಅಂಚಿಗೆ ಕೊಟ್ಟು, ಓರೆ ಮಾಡಿ, ಒಂದು ಮೀಟು. ಅಂಗೈಯಗಲದ ಚಕ್ಕೆಯೊಂದು ಎದ್ದು ಕೈಗೆ ಬಂತು. ಹಲ್ಲಿನ ಗಾರೆಯ ಅಡ್ಡಸೀಳು ನೋಡಿ ಅದರ ವಯಸ್ಸು ಹೇಳುವುದು ಅವನ ಹೊಟ್ಟೆಪಾಡು. ಅಭ್ಯಾಸಬಲದಿಂದ ತಿರುಗಿಸಿ ನೋಡಿದ. ಮೇಲೆ ಅವನ ಚಿಪ್ಪುಗಳು, ಎರಡು ವರ್ಷದ ಭಾನುವಾರಗಳು. ಅದರ ಕೆಳಗೆ ಕೆಂಪು ಬಣ್ಣದ ಪದರ. ಆ ಕೆಂಪಿನ ಕೆಳಗೆ ಮರವಿರಬೇಕಿತ್ತು. ಇದ್ದದ್ದು ಚಿಪ್ಪು. ಹಳೆಯ, ಸತ್ತು ಬಿಳಿಚಿದ, ದಪ್ಪನೆಯ ಚಿಪ್ಪುಗಳು, ಅವುಗಳ ಉಬ್ಬುತಗ್ಗಿನ ಮೇಲೇ ಬಣ್ಣ ಕೂತಿತ್ತು. ಕೊಳೆತ ಹಲ್ಲನ್ನು ಕೆರೆಯದೆ ಮೇಲೆ ಕವಚ ಕೂರಿಸುವ ವೈದ್ಯರನ್ನು ಅವನು ಕಂಡಿದ್ದ. ಇನ್ನೊಂದು ಕಡೆ ಮೀಟಿದ. ಅಲ್ಲೂ ಹಾಗೇ. ಮರ ಕಾಣುವವರೆಗೆ ಕೆರೆದದ್ದು ಸುಳ್ಳು. ಮಾವ ಚಿಪ್ಪಿನ ಮೇಲೇ ಬಣ್ಣ ಬಳಿದಿದ್ದರು. ಅದಕ್ಕಿಂತ ಮಿಗಿಲಾದದ್ದು ಆಮೇಲೆ ಹೊಳೆಯಿತು: ವಾರವಾರವೂ ಐದು ಮೈಲಿ ಓಡುವ ದೋಣಿಗೆ ಇಷ್ಟು ದಪ್ಪನೆಯ ಚಿಪ್ಪು ಕೂರಲು ಸಾಧ್ಯವೇ ಇಲ್ಲ. ದೋಣಿ ಮಾವನ ಕಾಲದಲ್ಲೂ ಓಡಿರಲಿಲ್ಲ. ಇಲ್ಲೇ ನಿಂತಿತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ! ಅವನಿಗೆ ಜೋರಾಗಿ ಕೇಕೆ ಹಾಕಬೇಕೆನಿಸಿತು. ಚಕ್ಕೆಯನ್ನು ಎತ್ತಿಹಿಡಿದು, ಕೆಲಸದವರನ್ನೆಲ್ಲ ಕರೆದು, ಅತ್ತೆಯನ್ನೂ ಕುರ್ಚಿ ಸಮೇತ ಹತ್ತಿರಕ್ಕೆ ಎಳೆದು, ಪದರ ಪದರವಾಗಿ ಪಾಠ ಹೇಳಬೇಕೆನಿಸಿತು. ನಾಲ್ಕು ವರ್ಷ ನುಂಗಿದ ಬಹುವಚನವೆಲ್ಲ ಗಂಟಲಿಗೆ ಬಂದು ನಿಂತಿತು.

ತಿರುಗಿದ. ಮಾವ ಅವನ ಕೈಯನ್ನೇ ನೋಡುತ್ತಿದ್ದರು. ಬೈಗುಳ ಅರ್ಧಕ್ಕೇ ನಿಂತಿತ್ತು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತು. ದಿನಕ್ಕೆ ಹತ್ತು ಸಲ ನೋಡುವಂಥದೇ. ಕುರ್ಚಿಯಲ್ಲಿ ಒರಗಿದವರು, ಮೂಲೆಯಲ್ಲಿ ಕೂತ ಗಂಡನಿಗೋ ಸೊಸೆಗೋ ಕೇಳದ ಹಾಗೆ, ಕಣ್ಣಲ್ಲೇ ಬೇಡುತ್ತಾರೆ: ಗಟ್ಟಿಯಾಗಿ ಹೇಳಬೇಡಿ ಡಾಕ್ಟ್ರೇ. ಬಿಳಿ ಅಂಗಿಯೊಳಗೆ ಒಬ್ಬ ಮುದುಕ ಬೆವರುತ್ತಿದ್ದ. ಅವನಿಗೆ ಅಯ್ಯೋ ಅನಿಸಿತು. ಅಯ್ಯೋ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಒಳ್ಳೆಯತನ ತೋರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು, ಆದರೆ ದೋಣಿ? ಒಳ್ಳೆಯತನಕ್ಕೆ ಚಿಲಕವಿದೆಯೇ? ಅವನು ಮಾವನ ಹತ್ತಿರ ಹೋಗಿ, ಕೈಹಿಡಿದು ನಡೆಸುವವನಂತೆ ಅವರ ಅಂಗೈಯೊಳಗೆ ಚಕ್ಕೆಯನ್ನಿಟ್ಟು ಬೆರಳು ಮಡಚಿದ. ತನ್ನ ಬಾಯಿಂದ ಬಂದ ದನಿ ಎಷ್ಟು ನಯವಾಗಿತ್ತೆಂದರೆ ಅವನಿಗೇ ಹೇಸಿಗೆಯಾಯಿತು.

"ತಪ್ಪು ನಮ್ಮದೇ ಮಾವ. ಆದ್ರೆ ದೋಣಿ ಮಾರೋದು ಬೇಡ. ನಾವೇ ಕೂತು ಕೆರೀತೀವಿ. ಮರ ಕಾಣೋವರೆಗೂ ಕೆರೀತೀವಿ. ಬೇರೆ ಯಾರೂ ಮುಟ್ಟೋದು ಬೇಡ."

ಮಾವ ಮುಷ್ಟಿ ಬಿಗಿಮಾಡಿ ಜೇಬಿಗಿಳಿಸಿದರು. ಎರಡು ಸಲ ಕೆಮ್ಮಿದರು. ಮೂರನೆಯ ಸಲ ಕೆಮ್ಮುವ ಹೊತ್ತಿಗೆ ಅವರಿಗೆ ಮತ್ತೆ ಜೀವ ಬಂದಿತ್ತು. "ಕೇಳಿಸಿಕೊಂಡ್ರಾ?" ಎಂದು ಕೆಲಸದವರ ಕಡೆ ತಿರುಗಿದರು. "ತಪ್ಪು ಒಪ್ಕೊಂಡ್ರು. ಒಪ್ಕೊಳ್ಳೋದೇ ದೊಡ್ಡತನ. ಹೋಗ್ಲಿ, ಇನ್ನೊಂದು ಅವಕಾಶ ಕೊಟ್ಟಿದ್ದೀನಿ. ದೋಣಿ ಮಾರೋದಿಲ್ಲ. ಆ ಐಸಿನವನಿಗೆ ಬರಬೇಡ ಅಂತ ಹೇಳಿ ಕಳ್ಸಿ." ಎಷ್ಟು ಉದಾರವಾಗಿ ಹೇಳಿದರೆಂದರೆ ಒಬ್ಬಿಬ್ಬರು ಕೆಲಸದವರು ತಲೆಯಾಡಿಸಿ ಮೆಚ್ಚಿದರು. ಅತ್ತೆ ಚಹಾ ಲೋಟ ಅಳಿಯನ ಕೈಗೆ ಕೊಟ್ಟು, ಗಂಡನ ಜೇಬನ್ನೊಮ್ಮೆ ನೋಡಿ, ಮುಖ ತಿರುಗಿಸಿ ಸಮುದ್ರ ನೋಡತೊಡಗಿದರು. ಗೆದ್ದವನು ಅವನೇ. ಆದರೂ ಚಹಾ ಕುಡಿಯುತ್ತಿದ್ದಾಗ ಅವನಿಗೆ ಯಾರದೋ ಜೇಬು ಕತ್ತರಿಸಿ ಬಂದವನ ಹಾಗೆ ನಾಚಿಕೆಯಾಗುತ್ತಿತ್ತು. ಹೆದರಿಸಿ ಗೆದ್ದದ್ದು. ಅದೂ ಮಂಡಿನೋವಿನ ಮುದುಕನನ್ನು. ಹೆಂಡತಿ ದೂರದಿಂದ ಹುಬ್ಬು ಹಾರಿಸಿ, ಏನಾಯಿತು ಎಂದು ಕೇಳಿದಳು. ಅವನು ಲೋಟದೊಳಗೆ ನೋಡಿದ.

ಹೊರಡುವಾಗ ಮಾವ ಮಗಳ ಕೈ ಬಿಟ್ಟು ಅವನ ಹೆಗಲ ಮೇಲೆ ಕೈಹಾಕಿದರು. ಹಿಂದೆಂದೂ ಹಾಕಿದವರಲ್ಲ. ಯಾರ್ಡಿನ ಏರುತಗ್ಗಿನ ನೆಲದಲ್ಲಿ ಇಡೀ ಭಾರ ಬಿಟ್ಟು, ಹೆಜ್ಜೆಗೊಮ್ಮೆ ನಿಂತು, ಕಾರಿನ ಹತ್ತಿರ ಬಂದರು. ಈಗ ಬೈಯುತ್ತಾರೆ, ಈಗಲಾದರೂ ಏಕವಚನದಲ್ಲಿ ಬೈಯುತ್ತಾರೆ ಎಂದು ಅವನು ಕಾದ. ಬಾಗಿಲು ತೆರೆದು ಕೂರಿಸಲು ಬಗ್ಗಿದಾಗ ಮಾವ ಅವನ ಕಿವಿಯ ಹತ್ತಿರ ಬಾಯಿ ತಂದರು.

"ಕ್ಯಾಬಿನ್ನಲ್ಲಿ ಎಡಗಡೆ ಹಲಗೆ ಮೇಲೆ ಮಲಗಬೇಡಿ," ಎಂದರು. "ಸಂದಿಂದ ನೀರು ಜಿನುಗುತ್ತೆ, ಬೆನ್ನು ಹಿಡ್ಕೊಳ್ಳುತ್ತೆ. ಬಲಗಡೇದು ಒಳ್ಳೇದು. ನಾನು ಹೋದಾಗೆಲ್ಲ ಬಲಗಡೇನೇ ಮಲಗಿ ನಿದ್ದೆ ಮಾಡ್ತಿದ್ದೆ."

ಅಂದವರೇ ಸೀಟಿನಲ್ಲಿ ಸರಿಯಾಗಿ ಕೂತು, ಎದುರಿನ ಗಾಜಿನಾಚೆ ದೃಷ್ಟಿ ನೆಟ್ಟರು. ಅವನು ಬಾಗಿಲು ಹಾಕಿ, ಕಾರಿನ ಹಿಂದಿನಿಂದ ಬಳಸಿ ಬರುವಾಗ ಹೆಂಡತಿ ತೋಳು ಹಿಡಿದು ನಿಲ್ಲಿಸಿದಳು. "ಏ, ಅಪ್ಪ ಕಿವೀಲಿ ಏನಂದ್ರು? ಬೈದ್ರಾ?"

"ಇಲ್ಲ," ಎಂದ. "ಬಲಗಡೆ ಮಲಗಬೇಕಂತೆ. ಎಡಗಡೇದು ಜಿನುಗುತ್ತಂತೆ."

ಅವಳು ಒಂದು ಕ್ಷಣ ಅರ್ಥವಾಗದೆ ಅವನ ಮುಖ ನೋಡಿದಳು. ಅರ್ಥವಾದದ್ದೇ, ಎರಡು ವರ್ಷ ಯಾವುದಕ್ಕೂ ಅಂಜದವಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವನಿಗೆ ನಗು ಬಂತು. ಒಳಗಿನಿಂದ ಮಾವ ಹಾರನ್ ಒತ್ತಿದರು.